ಅತ್ತೆಯ ಫ್ರಿಜ್ ಇಟ್ಟುಕೊಂಡು ಮೂರು ದಾರಿ ನೋಡಿದೆವು

ನಮ್ಮದು ಮಂಗಳೂರಿನಲ್ಲಿ ಎರಡು, ಉಡುಪಿಯಲ್ಲಿ ಒಂದು ಮಳಿಗೆ. ಫ್ರಿಜ್, ಟಿವಿ, ವಾಷಿಂಗ್ ಮೆಷಿನ್ ವ್ಯಾಪಾರ. ಲೆಕ್ಕಪತ್ರದ ಜೊತೆಗೆ ಕಂಪ್ಯೂಟರಿನ ಉಸ್ತುವಾರಿಯೂ ನನ್ನದೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಒಪ್ಪಿಗೆ, ಭದ್ರತೆ, ಅಳಿಸುವಿಕೆಯ ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಕಾಲಾವಕಾಶ, ಅಂದರೆ 2027ರ ಮೇವರೆಗೆ.

ಈ ಕಾಯ್ದೆಗೆ ಮಳಿಗೆಗಳನ್ನು ಸಜ್ಜುಗೊಳಿಸಲು ಮೂರು ದಾರಿ ಕಂಡವು, ಮೂರಕ್ಕೂ ಒಂದೇ ಪರೀಕ್ಷೆ ಇಟ್ಟೆ. ನಮ್ಮಲ್ಲಿ ಕಂತಿನ ಮೇಲೆ ಫ್ರಿಜ್ ಕೊಂಡಿದ್ದ ನನ್ನ ಅತ್ತೆ ಒಂದು ಅರ್ಜಿ ಬರೆದುಕೊಟ್ಟರು: "ನನ್ನ ಮಾಹಿತಿ ಎಲ್ಲೆಲ್ಲಿ ಉಂಟು ಹೇಳಿ, ಬೇಡದ್ದನ್ನು ತೆಗೆಯಿರಿ."

ಮೊದಲನೆಯದು ಸಲಹೆಗಾರರೊಬ್ಬರ ಸಿದ್ಧ ಕಾಗದಗಳು. ಕಾನೂನಿನ ಲೆಕ್ಕದಲ್ಲಿ ಸರಿಯಾಗಿಯೇ ಇದ್ದವು. ಆದರೆ ಗ್ರಾಹಕರ ಯಾವ ಮಾಹಿತಿಯನ್ನು ಏಕೆ ಪಡೆಯುತ್ತೇವೆಂದು ತಿಳಿಸುವ ಕನ್ನಡದ ಸೂಚನಾಪತ್ರವನ್ನು ಅತ್ತೆ ಎರಡು ಸಲ ಓದಿ ಕೆಳಗಿಟ್ಟರು. ಸೂಚನೆ ಸರಳ ಭಾಷೆಯಲ್ಲಿರಬೇಕು, ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಬೇಕಾದುದರಲ್ಲಿ ಓದುವ ಅವಕಾಶ ಗ್ರಾಹಕರಿಗೆ ಇರಬೇಕು. ಕನ್ನಡ, ಕೊಂಕಣಿ ಆ ಪಟ್ಟಿಯಲ್ಲಿವೆ, ನಮ್ಮ ಕೌಂಟರಿನ ತುಳು ಇಲ್ಲ. ಹಾಗಾಗಿ ಕೌಂಟರಿನ ಹುಡುಗ ಓದಿ ತುಳುವಿನಲ್ಲಿ ಹೇಳಬಲ್ಲಂಥ ಕನ್ನಡ ನಮಗೆ ಬೇಕು. ಅದನ್ನು ನಾನೇ ಹೊಸದಾಗಿ ಬರೆದೆ.

ಎರಡನೆಯದು ತಿಂಗಳ ಬಾಡಿಗೆಯ ಸಾಫ್ಟ್‌ವೇರ್. ಬಿಲ್ಲಿಂಗ್‌ನಲ್ಲೂ ಮೇಲ್‌ನಲ್ಲೂ ಇದ್ದ ಅತ್ತೆಯ ವಿವರವನ್ನು ಹತ್ತೇ ನಿಮಿಷದಲ್ಲಿ ಹೆಕ್ಕಿಕೊಟ್ಟಿತು. ಯಾರು ಯಾವಾಗ ಒಪ್ಪಿದರು ಎಂಬ ದಾಖಲೆ ಇಡುವುದಕ್ಕೆ ಚೆನ್ನಾಗಿದೆ.

ಮೂರನೆಯದು ಯಾರ ಮಾಹಿತಿ ಎಲ್ಲೆಲ್ಲಿ ಉಂಟೆಂದು ನಾನೇ ಮೇಜಿಂದ ಮೇಜಿಗೆ ಹೋಗಿ ಬರೆದ ಪಟ್ಟಿ. ಮೂರು ವಾರ ಹಿಡಿಯಿತು. ಅತ್ತೆಯ ಆಧಾರ್, ಪಾನ್ ಕಾರ್ಡಿನ ಫೋಟೋ ಸೇಲ್ಸ್ ಹುಡುಗನ ಸ್ವಂತ ಫೋನಿನಲ್ಲಿತ್ತು, ಅಲ್ಲಿಂದ ವಾಟ್ಸಾಪ್ ಗುಂಪಿಗೆ ಹೋಗಿತ್ತು. ಮನೆಯ ಗುರುತು, ಫೋನ್ ನಂಬರ್ ಸಾಮಾನು ಸಾಗಿಸುವ ಟೆಂಪೋದವನ ಹತ್ತಿರ ಇನ್ನೂ ಇದ್ದವು. ಇವು ಯಾವುವೂ ಸಾಫ್ಟ್‌ವೇರಿನ ಕಣ್ಣಿಗೆ ಬಿದ್ದಿರಲಿಲ್ಲ. ಟೆಂಪೋದವನು ಹೊರಗಿನವನಾದರೂ ನಮ್ಮ ಪರವಾಗಿ ಕೆಲಸ ಮಾಡುವವನು, ಕಾಯ್ದೆಯ ಪ್ರಕಾರ ಹೊಣೆ ನಮ್ಮದೇ.

ನನಗೆ ನಿಜವಾಗಿ ಹೆದರಿಕೆಯಾದದ್ದು ಇಲ್ಲಿ. ಆ ಹುಡುಗನ ಫೋನ್ ಬಸ್ಸಿನಲ್ಲಿ ಕಳೆದುಹೋದರೆ ಅದು ಮಾಹಿತಿ ಸೋರಿಕೆಯೇ. ಗ್ರಾಹಕರಿಗೆ ತಡಮಾಡದೆ ತಿಳಿಸಬೇಕು, 72 ಗಂಟೆಯೊಳಗೆ ಈ ಕಾಯ್ದೆಯ ಉಸ್ತುವಾರಿಗಿರುವ ದತ್ತಾಂಶ ಸಂರಕ್ಷಣಾ ಮಂಡಳಿಗೆ ಪೂರ್ಣ ವರದಿ ಕೊಡಬೇಕು. ತಿಳಿಸದಿದ್ದರೆ ದಂಡ 200 ಕೋಟಿ ರೂಪಾಯಿವರೆಗೆ, ಭದ್ರತೆಯಲ್ಲೇ ಲೋಪವಾಗಿದ್ದರೆ 250 ಕೋಟಿವರೆಗೆ. ಪಟ್ಟಿ ಇಲ್ಲದೆ ಯಾರಿಗೆಂದು ತಿಳಿಸುವುದು?

ಚಿಕ್ಕ ವ್ಯಾಪಾರಸ್ಥರು ನನ್ನನ್ನು ಕೇಳಿದರೆ, ಮೊದಲು ಪಟ್ಟಿ ಮಾಡಿ ಎನ್ನುತ್ತೇನೆ. ಸಾಫ್ಟ್‌ವೇರ್ ಆಮೇಲೆ, ಅದೂ ಒಪ್ಪಿಗೆಯ ದಾಖಲೆಗೆ ಮಾತ್ರ. ಸಲಹೆಗಾರರಿಗೆ ಪಟ್ಟಿ ತೋರಿಸಿ ಒಂದು ದಿನದ ಶುಲ್ಕ ಕೊಟ್ಟರೆ ಸಾಕು.

ಅತ್ತೆಯ ಕಾರ್ಡುಗಳ ಫೋಟೋಗಳನ್ನು ಎಲ್ಲ ಕಡೆಯಿಂದ ಅಳಿಸಿಸಿದೆ. ಬಿಲ್ ಮಾತ್ರ ಅಳಿಸುವ ಹಾಗಿಲ್ಲ: ಜಿಎಸ್‌ಟಿ ಕಾನೂನಿನಂತೆ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಡಲೇಬೇಕು. ಅದನ್ನೂ ಉತ್ತರದಲ್ಲಿ ಬರೆದುಕೊಟ್ಟೆ. ಮುಂದಿನ ವಾರ ಉಡುಪಿ ಮಳಿಗೆ, ಅಲ್ಲಿ ಫೋನುಗಳಿಂದಲೇ ಶುರು.