ಮೆದುಳಿನ ಎಂಆರ್ ಸ್ಪೆಕ್ಟ್ರೋಸ್ಕೋಪಿ: ಸಮಯ ಉಳಿಸುವ ಮೂರು ದಾರಿಗಳ ಹೋಲಿಕೆ

ಬದಿಯಡ್ಕದಿಂದಲೋ ಮಂಜೇಶ್ವರದಿಂದಲೋ ಕಾಸರಗೋಡಿಗೆ ಸ್ಕ್ಯಾನಿಗೆ ಬಂದವರು ಮಾಮೂಲು ಎಂಆರ್‌ಐ ಮುಗಿಯುವಷ್ಟರಲ್ಲೇ ದಣಿದಿರುತ್ತಾರೆ. ಅದರ ಮೇಲೆ ಸ್ಪೆಕ್ಟ್ರೋಸ್ಕೋಪಿ, ಅಂದರೆ ಮೆದುಳಿನ ರಾಸಾಯನಿಕಗಳ ಸಿಗ್ನಲ್ ಅಳೆಯುವ ಸ್ಕ್ಯಾನ್: 16×16 ಗ್ರಿಡ್, ಟಿಆರ್ (ಒಂದು ಅಳತೆಯಿಂದ ಮುಂದಿನದಕ್ಕೆ ಹಿಡಿಯುವ ಸಮಯ) 1.5 ಸೆಕೆಂಡ್ ಎಂದರೆ 6 ನಿಮಿಷ 24 ಸೆಕೆಂಡ್. ನಡುವೆ ತಲೆ ಅಲ್ಲಾಡಿದರೆ ಅಷ್ಟೂ ವ್ಯರ್ಥ. 1.5 ಟೆಸ್ಲಾ ಯಂತ್ರ, ಎಂಟು ಚಾನೆಲ್ ಹೆಡ್ ಕಾಯಿಲ್, ಟಿಇ (ಸಿಗ್ನಲ್ ಹುಟ್ಟಿಸಿ ಓದುವವರೆಗಿನ ಸಮಯ) 144 ಮಿಲಿಸೆಕೆಂಡ್ ಇಟ್ಟುಕೊಂಡು ನಾವು ಹೋಲಿಸಿದ್ದು ಹೀಗೆ.

ಎಲಿಪ್ಟಿಕಲ್ ಸ್ಯಾಂಪ್ಲಿಂಗ್: ಕೆ-ಸ್ಪೇಸಿನ (ಚಿತ್ರವಾಗುವ ಮುನ್ನದ ಕಚ್ಚಾ ಅಳತೆಗಳ ಗ್ರಿಡ್) ನಾಲ್ಕು ಮೂಲೆ ಬಿಟ್ಟರೆ ಸುಮಾರು ಐದು ನಿಮಿಷ. ವೋಕ್ಸೆಲ್ (ಅಳೆಯುವ ಪ್ರತಿ ಪುಟ್ಟ ಘನ) ತುಸು ಮಸುಕಾಗುತ್ತದೆ, ಬೇರೆ ತಕರಾರಿಲ್ಲ. ಇದನ್ನು ಯಾವಾಗಲೂ ಆನ್ ಇಡಿ.

ಸೆನ್ಸ್ (ಹಲವು ಕಾಯಿಲ್ ಚಾನೆಲ್‌ಗಳ ನೆರವಿನಿಂದ ಕಡಿಮೆ ಅಳತೆಯಲ್ಲಿ ಮುಗಿಸುವ ಕ್ರಮ): ಒಂದು ದಿಕ್ಕಿನಲ್ಲಿ 2 ಕೊಟ್ಟರೆ, ಅಂದರೆ ಅಳತೆ ಅರ್ಧ ಮಾಡಿದರೆ, ಪೂರ್ಣ ಗ್ರಿಡ್ಡಿಗೆ 3 ನಿಮಿಷ 12 ಸೆಕೆಂಡ್, ಸಿಗ್ನಲ್-ನಾಯ್ಸ್ ಅನುಪಾತ ಮೊದಲಿನ ಶೇ. 71ಕ್ಕಿಂತ ಕೆಳಗಿಳಿಯುತ್ತದೆ. ನಿಜವಾದ ಅಪಾಯ ಕೊಬ್ಬಿನದು. ಪ್ರತಿ ಚಾನೆಲ್ ಎಲ್ಲಿ ಎಷ್ಟು ಗ್ರಹಿಸುತ್ತದೆಂದು ತಿಳಿಯುವ ರೆಫರೆನ್ಸ್ ಸ್ಕ್ಯಾನ್ ಆದಮೇಲೆ ತಲೆ ಕೊಂಚ ಸರಿದರೂ ನೆತ್ತಿಯ ಕೊಬ್ಬು ಅರ್ಧ ಎಫ್‌ಒವಿ (ಸ್ಕ್ಯಾನ್ ಹಿಡಿಯುವ ಕ್ಷೇತ್ರ) ದಾಟಿ ಮೆದುಳಿನೊಳಗೆ ಬಂದು ಕೂರುತ್ತದೆ. 1.3 ಪಿಪಿಎಂ (ಸ್ಪೆಕ್ಟ್ರಮ್‌ನಲ್ಲಿ ಶಿಖರದ ಸ್ಥಾನ ಹೇಳುವ ಅಳತೆ) ಹತ್ತಿರ ಏಳುವ ಆ ಶಿಖರ, ಕಾಯಿಲೆಯ ಗುರುತಾಗಬಲ್ಲ ಲ್ಯಾಕ್ಟೇಟ್ ಎಂದೇ ವರದಿಗೆ ಹೋಗಬಹುದು. ಟಿಇ 144ರಲ್ಲಿ ಲ್ಯಾಕ್ಟೇಟ್ ಎರಡು ಮೊನೆಯಾಗಿ ಕೆಳಮುಖ ಇರುತ್ತದೆ. ಕೊಬ್ಬು ಸಾಮಾನ್ಯವಾಗಿ ಮೇಲ್ಮುಖ. ಆದರೂ ಅನುಮಾನವಿದ್ದರೆ ಸೆನ್ಸ್ ದಿಕ್ಕು ಬದಲಿಸಿ ಮತ್ತೆ ತೆಗೆಯಿರಿ: ಶಿಖರ ಜಾಗ ಬದಲಿಸಿದರೆ ಅದು ಕೊಬ್ಬೇ. ಕೊಬ್ಬಿನ ಸಿಗ್ನಲ್ ಅಡಗಿಸುವ ಸ್ಯಾಚುರೇಶನ್ ಬ್ಯಾಂಡುಗಳನ್ನು ತಲೆಬುರುಡೆಯ ಸುತ್ತ ಒತ್ತಾಗಿ ಇಡದೆ ಸೆನ್ಸ್ ಮುಟ್ಟಲೇಬೇಡಿ. ಅಲ್ಲಾಡಬೇಡಿ ಎನ್ನುವುದನ್ನು ಕನ್ನಡವೋ ತುಳುವೋ ಮಲಯಾಳವೋ, ರೋಗಿಯ ಮನೆಮಾತಿನಲ್ಲೇ ಹೇಳಿ.

ಇಪಿಎಸ್‌ಐ (ಎಕೋ-ಪ್ಲೇನಾರ್ ಸ್ಪೆಕ್ಟ್ರೋಸ್ಕೋಪಿಕ್ ಇಮೇಜಿಂಗ್): ಪ್ರತಿ ಟಿಆರ್‌ನಲ್ಲಿ ಒಂದಿಡೀ ಸಾಲು ಓದುವುದರಿಂದ 16×16ಕ್ಕೆ 24 ಸೆಕೆಂಡ್ ಸಾಕು. ಆದರೆ ಒಂದೇ ಸುತ್ತಿನ ಸ್ಪೆಕ್ಟ್ರಮ್ ಬರೀ ನಾಯ್ಸ್. ಎಂಟು ಸುತ್ತು ಸರಾಸರಿ ಮಾಡಿದರೆ ಮತ್ತೆ 3 ನಿಮಿಷ 12 ಸೆಕೆಂಡ್! ಒಂದೇ ಸ್ಲೈಸಿಗೆ ಲಾಭ ಅಷ್ಟಕ್ಕಷ್ಟೆ. ಇದರ ಬೆಲೆ ತಿಳಿಯುವುದು 3ಡಿಯಲ್ಲಿ: 16×16×8 ಗ್ರಿಡ್ಡಿಗೆ ಹಳೆಯ ಕ್ರಮದಲ್ಲಿ 51 ನಿಮಿಷ, ಇಲ್ಲಿ 3 ನಿಮಿಷ 12 ಸೆಕೆಂಡ್. ಗ್ರೇಡಿಯಂಟ್ ಹೋಗಿಬರುವಾಗ ಬೆಸ-ಸಮ ಎಕೋಗಳು ಹೊಂದದೆ ಭೂತಶಿಖರ ಹುಟ್ಟುತ್ತವೆ. ಎರಡನ್ನೂ ಬೇರೆ ಬೇರೆಯಾಗಿ ರೀಕನ್‌ಸ್ಟ್ರಕ್ಟ್ ಮಾಡಿ ಆಮೇಲೆ ಕೂಡಿಸಬೇಕು, ಆಗ ಬ್ಯಾಂಡ್‌ವಿಡ್ತ್ (ಹಿಡಿಯಬಲ್ಲ ಆವರ್ತನಗಳ ಹರವು) ಅರ್ಧವಾಗುತ್ತದೆ. ಎಕೋ ಅಂತರ 1 ಮಿಲಿಸೆಕೆಂಡ್ ಆದರೆ ಉಳಿಯುವುದು 500 ಹರ್ಟ್ಜ್. ನೀರಿನ 4.7 ಪಿಪಿಎಂನಿಂದ ಸೊನ್ನೆವರೆಗೆ 1.5 ಟೆಸ್ಲಾದಲ್ಲಿ 300 ಹರ್ಟ್ಜ್, ಆರಾಮ. 3 ಟೆಸ್ಲಾದಲ್ಲಿ 600, ಹಿಡಿಸದು.

ಶಿಮ್ (ಕಾಂತಕ್ಷೇತ್ರವನ್ನು ಏಕಸಮ ಮಾಡುವುದು) ಕೆಟ್ಟರೆ ಮೂರೂ ಸಮ. ಕೋಲಿನ್ ಶಿಖರ 3.2 ಪಿಪಿಎಂ, ಕ್ರಿಯಾಟಿನ್ 3.0; 1.5 ಟೆಸ್ಲಾದಲ್ಲಿ ನಡುವೆ ಸುಮಾರು 13 ಹರ್ಟ್ಜ್ ಮಾತ್ರ. ನೀರಿನ ಶಿಖರ ಅದಕ್ಕಿಂತ ಅಗಲವಿದ್ದರೆ ಸ್ಕ್ಯಾನ್ ಬಟನ್ ಒತ್ತದೆ, ಅಳೆಯುವ ಜಾಗದ ಬಾಕ್ಸನ್ನು ಸೈನಸ್‌ನಿಂದ (ಮುಖದ ಮೂಳೆಯೊಳಗಿನ ಗಾಳಿಗೂಡು) ದೂರ ಸರಿಸಿ ಮತ್ತೆ ಶಿಮ್ ಮಾಡಿ.