ಅಲಾಸ್ಕಾಕ್ಕೆ ಮನೆಮಂದಿಯೆಲ್ಲ: ಬಸ್ಸೋ, ದೋಣಿಯೋ, ಹಿಮನದಿಯೋ?

ನಾವಿರುವುದು ಸಿಯಾಟಲ್‌ನಲ್ಲಿ. ಕಳೆದ ಆಗಸ್ಟ್ ಮೊದಲ ವಾರ ಐದು ಜನ ಅಲಾಸ್ಕಾಕ್ಕೆ ಹೋಗಿಬಂದೆವು. ಮೈಸೂರಿನಿಂದ ಬಂದಿದ್ದ ಅತ್ತೆ, ನಾವಿಬ್ಬರು, 10 ವರ್ಷದ ಮಗಳು, 6 ವರ್ಷದ ಮಗ. ಆಂಕರೇಜ್‌ವರೆಗೆ ವಿಮಾನ, ಮುಂದೆ ಬಾಡಿಗೆ ಕಾರು. ಗೈಡ್ ಜೊತೆ ಮಾಡಿದ್ದು ಮೂರು: ಡೆನಾಲಿ ಕಾಡಿನ ಬಸ್ಸು, ಸೀವರ್ಡ್ ಊರಿನಿಂದ ದೋಣಿ, ಮಟನುಸ್ಕಾ ಹಿಮನದಿಯ ಮೇಲೆ ನಡಿಗೆ. ಮೂರರಲ್ಲಿ ಒಂದೇ ಮಾಡುವುದಾದರೆ ಯಾವುದು ಅಂತ ಆಮೇಲೆ ಎಷ್ಟೋ ಜನ ಕೇಳಿದರು. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳಿದ್ದರೆ ಹಿಮನದಿ. ವಯಸ್ಸಾದವರಿದ್ದರೆ ಬಸ್ಸು.

ಬಸ್ಸಿನಿಂದ ಶುರು ಮಾಡುತ್ತೇನೆ. ಡೆನಾಲಿ ಒಳಗಿನ ರಸ್ತೆ ಒಟ್ಟು 92 ಮೈಲಿ, ಆದರೆ ಬೇಸಿಗೆಯಲ್ಲಿ ನಮ್ಮ ಕಾರು 15ನೇ ಮೈಲಿವರೆಗೆ ಮಾತ್ರ, ಅಲ್ಲಿಂದಾಚೆಗೆ ಬಸ್ಸೇ ಗತಿ. 2021ರಲ್ಲಿ ಗುಡ್ಡ ಕುಸಿದ ಮೇಲೆ ರಸ್ತೆ ಮುಚ್ಚಿತ್ತು, ನಾವು ಹೋದಾಗ ಬಸ್ಸೂ 43ನೇ ಮೈಲಿಯಿಂದ ವಾಪಸ್ಸು. ಹೋಗಿ ಬರೋಕೆ ಐದು ಗಂಟೆ ಹಿಡಿಯಿತು. ನಡುವೆ ಟೆಕ್ಲಾನಿಕಾ ನದಿ ಹತ್ತಿರ ಶೌಚಾಲಯಕ್ಕೆ ನಿಲ್ಲಿಸುತ್ತಾರೆ. ಮಂಡಿನೋವಿರುವ ಅತ್ತೆಗೆ ಅದೊಂದು ದೊಡ್ಡ ಸಮಾಧಾನ. ಚಿಕ್ಕ ಮಕ್ಕಳಿಗೆ ಕಾರ್ ಸೀಟು ನಾವೇ ಒಯ್ಯಬೇಕು, ಮರೆಯಬೇಡಿ.

ಡೆನಾಲಿ ಶಿಖರದ ಎತ್ತರ 6,190 ಮೀಟರ್. ಆದರೆ ಮೋಡ ಸರಿಯಬೇಕಲ್ಲ. ಬಂದ ಮೂವರಲ್ಲಿ ಒಬ್ಬರಿಗೆ ಕಂಡರೆ ಹೆಚ್ಚು ಅನ್ನುತ್ತಾರೆ, ನಮಗೆ ಕಾಣಲಿಲ್ಲ. ಕರಡಿ ಕಂಡಿತು. ಸೇಬಲ್ ಪಾಸ್ ದಾಟುವಾಗ ತಾಯಿ ಕರಡಿ ಮತ್ತು ಎರಡು ಮರಿ, ಪೊದೆಗೆ ಮೂತಿ ಇಟ್ಟುಕೊಂಡು ಹಣ್ಣು ತಿನ್ನುತ್ತಿದ್ದವು. ಚಾಲಕಿಯೇ ಗೈಡು. ಎಂಜಿನ್ ಆರಿಸಿ, ಚಳಿಗಾಲದ ನಿದ್ದೆಗೆ ಮುಂಚೆ ಅವು ಇಡೀ ದಿನ ಹೀಗೆ ತಿಂದು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತವೆ ಅಂತ ಮೆಲ್ಲಗೆ ಹೇಳಿದರು. "ಒಣಗಿದ ರಾಗಿ ಹುಲ್ಲಿನ ಬಣ್ಣ ನೋಡು" ಅಂದರು ಅತ್ತೆ. ನಿಜವಾಗಿಯೂ ಅದೇ ಬಣ್ಣ. ಆದರೆ ಮೂರನೇ ಗಂಟೆಗೆ ಮಗ ಸೀಟಿನಲ್ಲಿ ಹೊರಳಾಡತೊಡಗಿದ. ವಿವರಣೆಯಿಲ್ಲದ ಸಾದಾ ಬಸ್ಸೂ ಇದೆ, ಕಡಿಮೆ ದುಡ್ಡು, ಬೇಕಾದಲ್ಲಿ ಇಳಿದು ಹಿಂದೆ ಬರುವ ಬಸ್ಸು ಹತ್ತಬಹುದು. ಮಕ್ಕಳಿದ್ದರೆ ಅದೇ ವಾಸಿ.

ದೋಣಿಯ ವಿಷಯ ಬೇರೆ. ಸೀವರ್ಡ್‌ನಿಂದ ಕೀನೈ ಫ್ಯೋರ್ಡ್ಸ್‌ಗೆ, ಅಂದರೆ ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿರುವ ಕಿರಿದಾದ ಕೊಲ್ಲಿಗಳಿಗೆ, ಆರು ಗಂಟೆಯ ಸುತ್ತು. ಕೊಲ್ಲಿಯೊಳಗೆ ನೀರು ಕೆರೆಯಂತಿತ್ತು, ಸಮುದ್ರ ನೀರುನಾಯಿಗಳು ಅಂಗಾತ ಮಲಗಿ ತೇಲುತ್ತಿದ್ದವು. ಕೊಲ್ಲಿ ದಾಟಿ ತೆರೆದ ಸಮುದ್ರಕ್ಕೆ ಬಂದೆವು ನೋಡಿ, ಮಗಳು ಮತ್ತು ನನ್ನ ಗಂಡ ಇಬ್ಬರೂ ವಾಂತಿ. ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು, ತಲೆ ಸುತ್ತಿದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ಆದರೂ ಸಮುದ್ರಕ್ಕಿಳಿದ ಹಿಮನದಿಯೊಂದರ ಮಂಜುಗಡ್ಡೆಯ ಗೋಡೆ ಮುಂದೆ ದೋಣಿ ನಿಂತಾಗ ಯಾರೂ ಮಾತಾಡಲಿಲ್ಲ. ತುಂಡು ಕಳಚಿ ಬೀಳುವುದು ಮೊದಲು ಕಾಣುತ್ತದೆ, ಗುಡುಗಿನಂಥ ಸದ್ದು ಆಮೇಲೆ ಬರುತ್ತದೆ. ಊಟಕ್ಕೆ ಸಸ್ಯಾಹಾರ ಅಂತ ಬರೆದು ಕೊಟ್ಟಿದ್ದರೂ ನಮ್ಮ ಕೈಗೆ ಬಂದದ್ದು ಟರ್ಕಿ ಮಾಂಸದ ಸ್ಯಾಂಡ್‌ವಿಚ್. ಚಪಾತಿ, ಚಟ್ನಿಪುಡಿ ಇಟ್ಟುಕೊಂಡಿದ್ದಕ್ಕೆ ಬಚಾವಾದೆವು.

ಇನ್ನು ಮಟನುಸ್ಕಾ. ಆಂಕರೇಜ್‌ನಿಂದ ಸುಮಾರು 100 ಮೈಲಿ, ಎರಡು ಗಂಟೆ ದಾರಿ. ಹಿಮನದಿಯ ಉದ್ದ 27 ಮೈಲಿ. ಶೂಗೆ ಕಟ್ಟುವ ಕಬ್ಬಿಣದ ಮುಳ್ಳು, ತಲೆಗೆ ಹೆಲ್ಮೆಟ್ ಅವರೇ ಕೊಡುತ್ತಾರೆ. ಮಗನ ಕಾಲಿಗೆ ಮುಳ್ಳು ಸಡಿಲವಾಗಿತ್ತು. ಗೈಡ್ ಹುಡುಗಿ ಮಂಜಿನ ಮೇಲೆ ಮಂಡಿಯೂರಿ ಕೂತು, ಪಟ್ಟಿಯನ್ನು ಎರಡು ಸಲ ಬಿಚ್ಚಿ ಕಟ್ಟಿ, ಅವನನ್ನು ಜಿಗಿಯಲು ಹೇಳಿ ನೋಡಿದ ಮೇಲೇ ಹೊರಟಳು. ದಾರಿಯಲ್ಲಿ ಒಂದು ಕಡೆ ಮಂಜುಗಡ್ಡೆಯಲ್ಲಿ ಬೆರಳಗಲದ ತೂತು, ತಳದಲ್ಲಿ ಒಂದು ಕರಿ ಕಲ್ಲು, ಮೇಲೆ ತಿಳಿನೀರು. ಕಲ್ಲು ಅಲ್ಲಿಗೆ ಹೇಗೆ ಹೋಯಿತು ಅಂತ ಅವಳು ಮಕ್ಕಳನ್ನೇ ಕೇಳಿದಳು. ಉತ್ತರ ಹೇಳಲಿಲ್ಲ. ಕೈಗವಸು ತೆಗೆದು ಬಿಸಿಲಲ್ಲಿದ್ದ ಒಂದು ಕಪ್ಪು ಕಲ್ಲನ್ನೂ ಪಕ್ಕದ ಮಂಜುಗಡ್ಡೆಯನ್ನೂ ಮುಟ್ಟಿ ನೋಡಿ ಅಂದಳು. ಮಗಳು ಮುಟ್ಟಿ, ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಕಪ್ಪಿಗೆ ಬಿಸಿಲು ಜಾಸ್ತಿ ಹತ್ತುತ್ತೆ, ಅದೇ ಕರಗಿಸಿಕೊಂಡು ಇಳಿದಿದೆ" ಅಂದಳು. ಬಸ್ಸಿನಲ್ಲೂ ದೋಣಿಯಲ್ಲೂ ಮಕ್ಕಳು ಕೂತು ನೋಡಿದರು. ಇಲ್ಲಿ ತಾವೇ ಕಂಡುಹಿಡಿದರು. ಮೂರು ಗಂಟೆ ನಡೆದರೂ ಮಗ ಒಮ್ಮೆಯೂ ಸಾಕು ಅನ್ನಲಿಲ್ಲ.

ನನಗೆ ಬೇಜಾರಾಗಿದ್ದು ಒಂದೇ. ಬುಕಿಂಗ್‌ನಲ್ಲಿ ಎಲ್ಲ ವಯಸ್ಸಿನವರಿಗೂ ಆಗುತ್ತದೆ ಅಂತ ಬರೆದಿದ್ದರು. ಹೋಗಿ ನೋಡಿದರೆ ಕಾರು ನಿಲ್ಲಿಸಿದ ಜಾಗದಿಂದ ಮಂಜಿನವರೆಗೆ ಕಲ್ಲು, ಕೆಸರು, ಜಾರುವ ಇಳಿಜಾರು. ಅತ್ತೆ ಹತ್ತು ಹೆಜ್ಜೆ ಇಟ್ಟು ವಾಪಸ್ಸಾದರು. ಮೂರು ಗಂಟೆ ಕಾರಿನಲ್ಲೇ ಕೂತಿದ್ದರು, ಟಿಕೆಟ್ ದುಡ್ಡೂ ವಾಪಸ್ಸು ಬರಲಿಲ್ಲ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ದುಡ್ಡು ಕಟ್ಟುವ ಮೊದಲು ದಯವಿಟ್ಟು ಫೋನ್ ಮಾಡಿ, ಪಾರ್ಕಿಂಗ್‌ನಿಂದ ಮಂಜಿನವರೆಗೆ ಎಷ್ಟು ದೂರ, ನೆಲ ಹೇಗಿದೆ ಅಂತ ಕೇಳಿಕೊಳ್ಳಿ.