ರಾಯಚೂರಿನ ಓದುಕೋಣೆಯಲ್ಲಿ ಐರಿಶ್ ಕವಿತೆಗಳ ನಾಲ್ಕು ಸಂಜೆ

ರಾಯಚೂರಿನ ತೀನ್ ಕಂದೀಲ್ ಸಮೀಪದ ಬಾಡಿಗೆ ಪುಸ್ತಕದಂಗಡಿಯೊಂದರ ಮಹಡಿಯಲ್ಲಿ ಶನಿವಾರದ ಸಂಜೆ ಕಾವ್ಯದ ಓದು ನಡೆಯುತ್ತದೆ. ಈ ತಿಂಗಳು ಓದಿಗೆ ಆರಿಸಿಕೊಂಡದ್ದು, ಅಮೆರಿಕದ ನಗರವೊಂದರ ಬಡ ಕಪ್ಪು ಜನರ ನಡುವೆ ನೆಲೆಸಿದ ಕವಿಯೊಬ್ಬರು ಅಲ್ಲಿನ ದಿನನಿತ್ಯದ ಬದುಕನ್ನು ಕಂಡು ಐರಿಶ್ ಭಾಷೆಯಲ್ಲಿ ಬರೆದ ಕವಿತೆಗಳನ್ನು. ನಾಲ್ಕು ಸಂಜೆಗೆ 150 ರೂಪಾಯಿ ಶುಲ್ಕ. ಮೂಲದ ಜೆರಾಕ್ಸ್ ಪ್ರತಿ, ಕನ್ನಡ ಅರ್ಥದ ಹಾಳೆ ಮತ್ತು ಚಹಾ ಅದರಲ್ಲೇ ಸೇರಿವೆ.

ಐರ್ಲೆಂಡಿನ 1937ರ ಸಂವಿಧಾನ ಐರಿಶನ್ನು ಮೊದಲ ಅಧಿಕೃತ ಭಾಷೆಯೆಂದು ಸಾರಿದರೂ ಅದನ್ನು ದಿನವೂ ಆಡುವವರು ಅಲ್ಲಿ ಕಡಿಮೆ ಎಂದು ಓದಿಸುವ ನಿವೃತ್ತ ಉಪನ್ಯಾಸಕರು ಮೊದಲೇ ತಿಳಿಸಿದರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಶಾಲೆ ಕಲಿತ ಹಿರಿಯರಿರುವ ಊರಿಗೆ ಇಂಥ ಸಂಗತಿಯನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಶಬ್ದ. ಐರಿಶ್‌ನಲ್ಲಿ ಕಪ್ಪು ಬಣ್ಣಕ್ಕೆ ‘ದುವ್’ ಎಂಬ ಪದವಿದ್ದರೂ ಕಪ್ಪು ಜನರನ್ನು ಹಿಂದಿನಿಂದ ‘ಗೊರಮ್’, ಅಂದರೆ ನೀಲಿ, ಎಂದೇ ಕರೆದಿದ್ದಾರೆ. ‘ಕಪ್ಪು ಮನುಷ್ಯ’ ಎಂಬ ಮಾತು ಅಲ್ಲಿ ಸೈತಾನನಿಗೆ ಸಲ್ಲುತ್ತಿತ್ತು. ಹಿಂದಿನ ಸಾಲಿನಲ್ಲಿದ್ದ ಹಿರಿಯ ಹೆಣ್ಣುಮಗಳೊಬ್ಬರು, “ನಾವು ಕೃಷ್ಣಗ ನೀಲಮೇಘಶ್ಯಾಮ ಅಂತೀವಲ್ರೀ ಸರ್, ಹಂಗ ಏನ್ರಿ?” ಎಂದು ಕೇಳಿದರು. ದಾಸರ ಪದಗಳನ್ನು ಹಾಡಿಕೊಂಡು ಬೆಳೆದ ನೆಲದಲ್ಲಿ ಅದಕ್ಕಿಂತ ಒಳ್ಳೆಯ ಪ್ರವೇಶ ಆ ಕವಿತೆಗೆ ಸಿಗಲಾರದು. ಆದರೆ ಉಪನ್ಯಾಸಕರು ಅಲ್ಲಿಗೇ ಬಿಡದೆ, ಪೂಜೆಯ ನೀಲಿಗೂ ನೆರೆಯವನನ್ನು ಬೇರೆಯೆಂದು ಗುರುತಿಸುವ ನೀಲಿಗೂ ಇರುವ ಅಂತರವನ್ನು ಅರ್ಧ ಗಂಟೆ ಚರ್ಚೆಗಿಟ್ಟರು. ತಮ್ಮನ್ನು ಕುರಿತ ಈ ಸಾಲುಗಳನ್ನು ಆ ಬೀದಿಯವರೇ ಓದಲಾರರು ಎಂಬ ಸಂಕಟವೂ ಆಗಲೇ ಮೇಲೆ ಬಂದಿತು. ಮೆಟ್ಟಿಲ ಮೇಲೆ ಕುಳಿತ ಅಜ್ಜಿ, ಬಸ್ಸಿಗೆ ಕಾಯುವ ಹುಡುಗ, ಇವರನ್ನು ಕವಿ ಸುಮ್ಮನೆ ನೋಡಿದ ಕಡೆಯಲ್ಲೆಲ್ಲ ಕವಿತೆ ಗೆಲ್ಲುತ್ತದೆ. ಅವರ ಪರವಾಗಿ ಮಾತನಾಡಲು ಹೊರಟಲ್ಲಿ ಸೋಲುತ್ತದೆ ಎಂಬುದು ನನ್ನ ಅಭಿಪ್ರಾಯ.

ಅರ್ಥದ ಹಾಳೆಯ ಬಗ್ಗೆ ನನಗೆ ಗಟ್ಟಿಯಾದ ಆಕ್ಷೇಪವಿದೆ. ಮೂಲದಲ್ಲಿ ಬರೀ ‘ಬೀದಿ’ ಎಂದಿರುವುದನ್ನು ಅದು ‘ಕೊಳಚೆ ಪ್ರದೇಶ’ ಎಂದು ಬರೆದು, ಕವಿ ಹೇಳದ ಅವಮಾನವನ್ನು ಅಲ್ಲಿನ ಜನರಿಗೆ ಅಂಟಿಸಿದೆ. ಜೆರಾಕ್ಸ್ ಕೂಡ ಮಸುಕಾಗಿತ್ತು. ಐರಿಶ್‌ನಲ್ಲಿ ಸ್ವರದ ಮೇಲಿನ ಓರೆಗೀರು ನಮ್ಮ ದೀರ್ಘದಷ್ಟೇ ಮುಖ್ಯ: ಗೀರಿದ್ದರೆ ‘ಫೇರ್’, ಹುಲ್ಲು, ಅಳಿಸಿಹೋದರೆ ‘ಫ್ಯಾರ್’, ಗಂಡಸು. ಈ ಎರಡನ್ನೂ ತಿಳಿಸಿದಾಗ ಅಂಗಡಿಯವರು ಬೇಸರಪಡದೆ, ಮುಂದಿನ ಶನಿವಾರಕ್ಕೆ ತಿದ್ದಿದ ಹಾಳೆಗಳನ್ನು ತಂದು, ಗೀರುಗಳನ್ನೆಲ್ಲ ಕೆಂಪು ಪೆನ್ನಿನಿಂದ ತಾವೇ ಹಾಕಿಕೊಟ್ಟರು.